ನೀರು ಕೂಡಬೇಕು

ಸಂಜೆ ಆರಕ್ಕೆ ತುಂಬಿಟ್ಟ ಗಾಜಿನ ತೊಟ್ಟಿ
ರಾತ್ರಿ ಹತ್ತಾದರೂ ಒಳಗೊಳಗೇ ಅಲುಗುತ್ತಿತ್ತು.
‘ಇನ್ನಾ ನೀರು ಕುಂತಿಲ್ರಿ ಮೇಡಂ. ಕೂಡ್ಲಿ, ತಡೀರಿ’
ಅಂದರು ಲಾಡ್ಲೇಸಾಬರು, ಗಾಜಿಗೆ ಕಿವಿಗೊಟ್ಟು.

ಮೇ ತಿಂಗಳ ಕಲಬುರಗಿ. ಗೋಡೆಗಳು
ಹಗಲು ನುಂಗಿದ ಬಿಸಿಲನ್ನು ಉಗುಳುವ ಹೊತ್ತು.
ಶಹಾಬಾದ ಕಲ್ಲಿನ ನೆಲ, ಬರಿಗಾಲಲ್ಲಿ ನಾನು.
ಫ್ಯಾನು ಹಚ್ಚುವಂತಿಲ್ಲ:
ಗಾಳಿ ನೀರಿನ ಮೈ ಮುಟ್ಟುತ್ತದೆ.

ಆರು ಮಿಲಿಮೀಟರಿನ ಬಾಯಿ. ಚಿಟಿಕೆ ಕೇಸರಿ ಬಣ್ಣ.
ಹಾಳೆಯಷ್ಟು ತೆಳ್ಳಗೆ ಸೀಳಿದ ಹಸಿರು ಬೆಳಕು.
ಕಿಟಕಿಗೆ ಸೂಪರ್ ಮಾರ್ಕೆಟ್ಟಿನಿಂದ ತಂದ ಕರಿ ಬಟ್ಟೆ.

ವಾಲ್ವು ತಿರುವಿದೆ.
ಮೊದಲು ನೆಟ್ಟಗೆ, ಬೆತ್ತದ ಹಾಗೆ;
ನಾಲ್ಕು ಬೆರಳು ಸಾಗಿದ್ದೇ ಬೆತ್ತಕ್ಕೆ ಏನಾಯಿತೋ
ಬಳುಕಿತು, ಮಡಿಸಿಕೊಂಡಿತು, ಸುರುಳಿ ಸುತ್ತಿ
ಪಕ್ಕದಲ್ಲಿ ಸುಮ್ಮನಿದ್ದ ನೀರನ್ನು
ರಟ್ಟೆ ಹಿಡಿದು ಒಳಗೆಳೆಯಿತು.
ಎಳೆದಷ್ಟೂ ದಪ್ಪ. ಎಳೆದಷ್ಟೂ ನಿಧಾನ.

‘ನಮ್ಮಜ್ಜ ಪಖಾಲಿ ಇದ್ದರಿ.
ಮಶಕ ಮೊಣಕೈಲೆ ಒತ್ತಿದರ
ಬೊಗಸಿಗಿ ಬೀಳೂ ನೀರು ಸಪ್ಪಳ ಮಾಡ್ತಿದ್ದಿಲ್ಲ.
ಧಾರಿ ಒಡೀತಂದ್ರ ಕೈ ಕಲ್ತಿಲ್ಲ ಅಂತಿದ್ದ.’

ನಾನೋ ಆ ಒಡೆದದ್ದನ್ನೇ ಅಳೆಯಲು ಬಂದವಳು.

ಒಂದು ಸಾವಿರ ಚಿತ್ರ.
ಬೆಳಗಿನ ಜಾವ ಎಲ್ಲ ಕೂಡಿಸಿ ಸಾವಿರದಿಂದ ಭಾಗಿಸಿದರೆ
ಪರದೆಯ ಮೇಲೊಂದು ನಯವಾದ ಶಂಕು,
ಇಸ್ತ್ರಿ ಹೊಡೆದಂಥ ಅಂಚು.
ಪ್ರಬಂಧಕ್ಕೆ ಹೋಗುವುದು ಇದೇ, ಗೈಡಿಗೆ ಬೇಕಾದ್ದೂ ಇದೇ.
ಆ ಸಾವಿರದಲ್ಲಿ ಒಂದೂ ಹೀಗಿರಲಿಲ್ಲ.
ಒಂದು ಕ್ಷಣಕ್ಕೂ ನೀರು ಹೀಗಿರಲಿಲ್ಲ.
ಸರಾಸರಿಗೆ ಸಾಕ್ಷಿಗಳೇ ಇಲ್ಲ.

ಲಾಡ್ಲೇಸಾಬರು ಥರ್ಮಾಸು ಕೆಳಗಿಟ್ಟು
ನಾನೂರ ಹದಿನೇಳನೆಯ ಚಿತ್ರದ ಮೇಲೆ ಬೆರಳಿಟ್ಟರು:
‘ಈ ಕರೀ ಎಳಿ ನಡುವ ಹ್ಯಾಂಗ ಬಂತ್ರಿ?’

ಕೇಸರಿಯ ಗದ್ದಲದ ನಟ್ಟನಡುವೆ
ಬಣ್ಣ ಸೋಂಕದ ಒಂದೆಳೆ ನೀರು.
ಹೊರಗಿನದು. ಅಂಚಿನಿಂದ ಇಲ್ಲಿಯ ತನಕ
ಎಷ್ಟು ಸುಳಿ ದಾಟಿ ಬಂದಿತ್ತೋ,
ಬಂದ ಹಾಗೇ ಉಳಿದಿತ್ತು.
ನನ್ನ ಪಟ್ಟಿಯಲ್ಲಿ ಅದರ ಹೆಸರು ಸೊನ್ನೆ.

‘ಒಳಗ ಬಂದದ ಸಾಬ್ರ,’ ಅಂದೆ, ‘ಇನ್ನಾ ಕೂಡಿಲ್ಲ.’

ಅವರು ಒಂದಿಷ್ಟು ಹೊತ್ತು ಅದನ್ನೇ ನೋಡಿದರು.
ಆಮೇಲೆ ತೊಟ್ಟಿಯ ಬಿರಟೆ ಕಿತ್ತು,
ಬಣ್ಣದ ನೀರು ಡ್ರಮ್ಮಿಗಿಳಿಯುವಾಗಲೇ
ನಲ್ಲಿಗೆ ಪೈಪು ಸಿಕ್ಕಿಸಲು ಹೋದರು.
ಏಳಕ್ಕೆ ನೀರು ನಿಲ್ಲುತ್ತದೆ.