ಚಿಲ್ಲರೆ

ಬುಡಾಪೆಸ್ಟಿನ ಬಸ್ ನಿಲ್ದಾಣದ ನೆಲಮಾಳಿಗೆಯಲ್ಲಿ
ಜಲಬಾಧೆಗೆ ಮುನ್ನೂರು ಫೋರಿಂಟು.
ಜೇಬು ಮಗುಚಿದರೆ ಸಿಕ್ಕಿದ್ದು ನೂರ ಎಂಬತ್ತು,
ಒಂದು ಪೋಲಿಷ್ ನಾಣ್ಯ, ಕೋಟಿನ ಗುಂಡಿ,
ಬ್ರನೋ ಊರಿನ ಟ್ರಾಮ್ ಚೀಟಿ, ಅವಧಿ ಮುಗಿದದ್ದು.
ಕಾರ್ಡು ಉಜ್ಜಲು ಯಂತ್ರವಿತ್ತು; ಕಾರ್ಡಿನಲ್ಲಿ ಏನೂ ಇರಲಿಲ್ಲ.

ಒಂಬತ್ತು ದಿನ, ನಾಲ್ಕು ದೇಶ.
ಬ್ರೆಮೆನ್ನಿನಲ್ಲಿ ಓದಿನ ನಡುವೆ ಶನಿವಾರ ಶನಿವಾರ
ಹೋಟೆಲಿನ ಸೊಪ್ಪು ತೊಳೆದು ಕೂಡಿಟ್ಟದ್ದು;
ಕಾಸಿಗೆ ತಕ್ಕ ಕಜ್ಜಾಯ ಎಂದುಕೊಂಡೇ ಹೊರಟಿದ್ದೆ.
ಕ್ರಾಕೋವಿನ ಮ್ಯೂಸಿಯಂ ಸೋಮವಾರ ಪುಕ್ಕಟೆಯಂತೆ;
ನಾನು ತಲುಪಿದ್ದು ಮಂಗಳವಾರ.
ಗೋಪುರಗಳನ್ನೆಲ್ಲ ಕೆಳಗಿನಿಂದಲೇ ನೋಡಿದೆ:
ಹತ್ತುವುದಕ್ಕೆ ದುಡ್ಡು, ಕತ್ತೆತ್ತುವುದಕ್ಕಿಲ್ಲ.
ಫೋಟೋ ತೆಗೆದುಕೊಡಿ ಎಂದು ಫೋನು ಕೊಟ್ಟರೆ ಒಬ್ಬ ಮುದುಕ
ನನ್ನನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ
ಚರ್ಚನ್ನು ಮಾತ್ರ ತೆಗೆದ, ಬಹಳ ಚೆಂದವಾಗಿ.

ಹಾಸಿಗೆ ಇದ್ದಷ್ಟು ಕಾಲು ಚಾಚು ಎಂದವರು
ಹನ್ನೆರಡು ಜನರ ಕೋಣೆಯ ಅಟ್ಟದ ಮಂಚ ಕಂಡವರಲ್ಲ.
ಚಾಚಿದರೆ ಲಿಸ್ಬನ್ನಿನ ಹುಡುಗಿಯ ಒದ್ದೆ ಟವೆಲ್ಲು,
ಮಡಿಸಿದರೆ ಗದ್ದಕ್ಕೆ ನನ್ನದೇ ಮಂಡಿ.
ರಾತ್ರಿ ಮೂರಕ್ಕೆ ಯಾರೋ ಯಾವುದೋ ಭಾಷೆಯಲ್ಲಿ ಕನವರಿಸಿದರು,
ಕ್ಷಮೆ ಕೇಳಿದ ಹಾಗಿತ್ತು.
ಪರವಾಗಿಲ್ಲ ಬಿಡಿ, ಅಂದೆ, ಕತ್ತಲಿಗೆ, ಕನ್ನಡದಲ್ಲಿ.

ಬ್ರಾಟಿಸ್ಲಾವಾದಲ್ಲಿ ಡ್ಯಾನ್ಯೂಬಿನ ದಡಕ್ಕೆ ಕೂತು
ಅರ್ಧ ಬ್ರೆಡ್ಡು, ಇಡೀ ಸೌತೆಕಾಯಿ.
ಉಪ್ಪಿನ ಪೊಟ್ಟಣ ಯಾವುದೋ ಹೋಟೆಲಿನ ಮೇಜಿನದು,
ಕೇಳಿ ತಂದದ್ದಲ್ಲ.
ಹಂಸವೊಂದು ದಡ ಹತ್ತಿ
ಸಾಲ ವಸೂಲಿಗೆ ಬಂದವನ ಹಾಗೆ ಎದುರು ನಿಂತಿತು.

ಇರಲಿ. ನೆಲಮಾಳಿಗೆಯ ವಿಷಯ.
ಗಾಜಿನ ಗೂಡಿನಲ್ಲಿ ಕೂತಾಕೆಯ ಎದೆಬಿಲ್ಲೆಯಲ್ಲಿ ಯೊಲಾನ್ ಎಂದಿತ್ತು.
ಉಣ್ಣೆಯ ಚಪ್ಪಲಿ, ಅರ್ಧ ಬಿಡಿಸಿದ ಪದಬಂಧ.
ನನ್ನ ನೂರ ಎಂಬತ್ತನ್ನು ನೋಡಿದಳು,
ನಾನು ನಿಂತಿದ್ದ ರೀತಿ ನೋಡಿದಳು,
ಒಂದು ಕಾಸೂ ಮುಟ್ಟದೆ
ಹೋಗು ಹೋಗು ಎಂದು ಪೆನ್ಸಿಲ್ ಆಡಿಸಿದಳು.

ಹೊರಗೆ ಬಂದಾಗ ತೋಳು ಹಿಡಿದು ಕುರ್ಚಿ ತೋರಿಸಿದಳು,
ಸಿಗರೇಟು ತೋರಿಸಿದಳು, ಐದು ಬೆರಳು ತೋರಿಸಿದಳು,
ಮೆಟ್ಟಿಲು ಹತ್ತಿ ಹೋಗೇಬಿಟ್ಟಳು.

ಕೂತೆ.
ಕುರ್ಚಿ ಇನ್ನೂ ಅವಳ ಮೈಬಿಸಿಯಲ್ಲಿತ್ತು.
ಕೆಂಪು ಸೂಟ್‌ಕೇಸಿನ ಹೆಂಗಸು ತಟ್ಟೆಗೆ ನಾಣ್ಯ ಹಾಕಿದಳು,
ಮುಖ ನೋಡಲಿಲ್ಲ.
ಒಬ್ಬ ಐನೂರರ ನೋಟು ಕೊಟ್ಟ; ಇನ್ನೂರು ಎಣಿಸಿ ಕೊಟ್ಟೆ,
ಒಂಬತ್ತು ದಿನದಲ್ಲಿ ಇನ್ನೊಬ್ಬರಿಗೆ ನಾನು ಕೊಟ್ಟ ಮೊದಲ ಚಿಲ್ಲರೆ.
ಬೆನ್ನು ತಾನಾಗಿ ನೆಟ್ಟಗಾಯಿತು.

ಆಮೇಲೆ ಅವನು ಬಂದ.
ಬೆನ್ನಿಗೆ ನನ್ನಷ್ಟೇ ಚೀಲ,
ಮುಂಗೈಗೆ ಯಾವುದೋ ಹಾಸ್ಟೆಲಿನ ಹಸಿರು ಪಟ್ಟಿ,
ಅಂಗೈಯಲ್ಲಿ ಇನ್ನೂರು.
ನೂರು ಕಡಿಮೆ ಇದೆ, ಅಂದ. ನಕ್ಕ.
ನಾನು ತಲೆಯಾಡಿಸಿದೆ: ಆಗದು.
ನನ್ನ ದುಡ್ಡಲ್ಲ, ನನ್ನ ಕುರ್ಚಿಯಲ್ಲ, ಅವಳು ಬಂದು ಎಣಿಸಿದರೆ?
ಇಷ್ಟೊಂದು ಕಾರಣ ಎಷ್ಟು ಬೇಗ ಸಿಕ್ಕವು!
ಅವನು ಇನ್ನೊಮ್ಮೆ ಕೇಳಲಿಲ್ಲ.
ನನ್ನದೇ ನೂರ ಎಂಬತ್ತು ಜೇಬಿನಲ್ಲಿ ಹಾಗೇ ಇದೆಯೆಂದು
ನೆನಪಾದದ್ದು ಅವನು ಮೆಟ್ಟಿಲು ಹತ್ತಿದ ಮೇಲೆ.

ಯೊಲಾನ್ ಬಂದವಳು ಎಣಿಸಲೇ ಇಲ್ಲ.
ತಟ್ಟೆಯನ್ನು ಹಾಗೇ ಡಬ್ಬಿಗೆ ಬಗ್ಗಿಸುವಾಗ
ಇನ್ನೂರರ ನಾಣ್ಯವೊಂದನ್ನು ಹೆಕ್ಕಿ ನನ್ನ ಅಂಗೈಯಲ್ಲಿಟ್ಟು
ಬೆರಳುಗಳನ್ನು ತಾನೇ ಮಡಿಸಿದಳು.
ಸಂಬಳ.

ಬರ್ಲಿನ್ ಬಸ್ಸು ಹೊರಟ ಮೇಲೆ ಡ್ರೈವರ್ ಮೈಕಿನಲ್ಲಿ ಹೇಳಿದ:
ಶೌಚಾಲಯ ಕೆಟ್ಟಿದೆ,
ಮುಂದಿನ ನಿಲುಗಡೆ ಎರಡೂವರೆ ಗಂಟೆ ಬಿಟ್ಟು.
ಎರಡು ಸಾಲು ಮುಂದೆ ಹಸಿರು ಪಟ್ಟಿಯ ಕೈಯೊಂದು
ಸೀಟಿನ ಬೆನ್ನನ್ನು ಬಿಗಿಯಾಗಿ ಹಿಡಿದಿತ್ತು.
ಟೋಪಿ ಮುಖಕ್ಕೆಳೆದುಕೊಂಡೆ.
ಮುಷ್ಟಿಯೊಳಗೆ ನಾಣ್ಯ ಬೆವರುತ್ತಿತ್ತು.