ಡ್ರಮ್ಮಿನ ಲೆಕ್ಕ

ಅರಾರಕ್ವಾರಾದಲ್ಲಿ ಜೂನ್ ಬಂತೆಂದರೆ ಕಿತ್ತಳೆ ಲಾರಿ.
ತಿರುವಿನಲ್ಲಿ ನಾಲ್ಕು ಹಣ್ಣು ಉದುರುತ್ತವೆ,
ಹಿಂದಿನ ಲಾರಿ ಅರೆಯುತ್ತದೆ,
ಊರಿಗೂರೇ ಸಿಪ್ಪೆಯ ಘಮ
ಎಂದು ಎಲ್ಲರೂ ಹೇಳುತ್ತಾರೆ.
ನಂಬುತ್ತೇನೆ.
ನನ್ನ ಮೂಗು ಸತ್ತು ಒಂಬತ್ತು ವರ್ಷ.

ಹೆಸರು ಜುಲೇಯ್ಡಿ. ಕೆಲಸ, ಪ್ರಯೋಗಶಾಲೆಯ ಗಾಜು ತೊಳೆಯುವುದು,
ತ್ಯಾಜ್ಯದ ಡ್ರಮ್ಮು ತುಂಬಿಸುವುದು,
ತುಂಬಿದ್ದನ್ನು ದಪ್ಪ ಪುಸ್ತಕದಲ್ಲಿ ಬರೆಯುವುದು.
ಡೈಕ್ಲೋರೋಮೀಥೇನ್: ಕೊಂಡದ್ದು ಹನ್ನೆರಡು ಲೀಟರ್,
ಡ್ರಮ್ಮಿಗೆ ಬಿದ್ದದ್ದು ಏಳು.
ಮಿಕ್ಕ ಐದು?
"ಹಾರಿಹೋಯಿತು" ಅನ್ನುತ್ತಿದ್ದರು ಹುಡುಗರು
ಗುಬ್ಬಿಯ ಬಗ್ಗೆ ಹೇಳಿದ ಹಾಗೆ.
ಜ್ವರದ ಮೈಯ ಬಿಸಿಗೇ ಕುದಿಯುವಂಥದ್ದು ಅದು,
ಹೊಗೆಗೂಡಿನ ಫ್ಯಾನು ಕೆಟ್ಟ ವರ್ಷವಂತೂ
ಕಿಟಕಿಯನ್ನೂ ಕೇಳುತ್ತಿರಲಿಲ್ಲ.

ದ್ರಾವಕವೆಂದರೆ ಸಂಬಂಧ ಕುದುರಿಸುವವಳು.
ಎರಡೂ ಕಡೆಯವರನ್ನು ಒಂದೇ ಕೋಣೆಯಲ್ಲಿ ಕೂರಿಸಿ
ಮಾತು ಬೆಸೆದದ್ದೇ ಚಪ್ಪಲಿ ಮೆಟ್ಟಿ ಹೊರಡಬೇಕು.
ಮದುವೆಯ ಫೋಟೋದಲ್ಲಿ ಕಾಣಬಾರದು.
ಅವಳು ರಾತ್ರಿ ಎಲ್ಲಿ ಮಲಗಿದಳೆಂದು
ಯಾರೂ ಕೇಳುವುದಿಲ್ಲ.
ನನಗೆ ಗೊತ್ತು: ನನ್ನ ಮೂಗಿನಲ್ಲಿ.

ಬೆಲೆಮ್ಮಿನಿಂದ ಬಂದ ಹುಡುಗಿ ಜಾಸಿಯಾರಾ
ರಸದ ಕಾರ್ಖಾನೆಯಿಂದ ಒಂದು ಕ್ಯಾನು ಸಿಪ್ಪೆಯ ಎಣ್ಣೆ ಹೊತ್ತು ತಂದಳು.
ಹಿತ್ತಲ ಗಿಡ ಮದ್ದಲ್ಲವೆಂಬಂತೆ
ಅನ್ಸೆಲ್ಮೋ ಮೇಷ್ಟ್ರು ಹುಬ್ಬೇರಿಸಿದರು.
ಮೇಷ್ಟ್ರ ಹುಬ್ಬೇ ಗೆದ್ದಿತು, ಮೂರು ವಾರ:
ಕೆಲಸವೇನೋ ಆಯಿತು, ಆದರೆ ಎಣ್ಣೆ ಹೋಗಲೊಲ್ಲದು,
ನೂರೆಪ್ಪತ್ತಾರು ಡಿಗ್ರಿಗೆ ಮುಂಚೆ ಏಳುವುದಿಲ್ಲ,
ಉಂಡಮೇಲೂ ಎದ್ದು ಹೋಗದ ನೆಂಟ.
ಬುರುಡೆಯ ತಳದಲ್ಲಿ ಅಂಟಂಟು ಬೆಲ್ಲ.
ಅವಳು ಅಳಲಿಲ್ಲ. ಬುರುಡೆ ನನ್ನ ಕೈಗಿತ್ತು
ನೆಲ ನೋಡುತ್ತ ನಿಂತಳು.

ಆಮೇಲೊಂದು ಗುರುವಾರ, ಹಟಕ್ಕೋ ಬೇಸರಕ್ಕೋ,
ಎರಡನ್ನೂ ಬರೀ ನೀರಿಗೆ ಸುರಿದು ಕಲಕಲು ಬಿಟ್ಟಳು.
ಎಣ್ಣೆ-ಸೀಗೆಕಾಯಿಯ ನಂಟು ಅನ್ನುತ್ತೇವಲ್ಲ, ನೀರಿಗೂ ಅವಕ್ಕೂ ಹಾಗೆ.
ನೀರು ಒಲ್ಲೆನೆಂದು ತಳ್ಳಿತು.
ತಳ್ಳಿಸಿಕೊಂಡವು ಒಂದರ ಮೈಗೊಂದು ಒತ್ತಿ,
ಹೊರಗೆ ಮಳೆಯೆಂದು ಬಸ್ ನಿಲ್ದಾಣದಲ್ಲಿ
ಗುರುತಿಲ್ಲದವರು ಒತ್ತಿ ನಿಲ್ಲುವ ಹಾಗೆ ನಿಂತು,
ಊಟದ ಹೊತ್ತಿಗೆ ಬಿಳಿ ಪುಡಿ.
ಕಾಗದದಲ್ಲಿ ಸೋಸಿದಳು, ಅಷ್ಟೇ.
ಕುದಿಸಲಿಲ್ಲ. ಏನೂ ಹಾರಲಿಲ್ಲ.
ಮೇಷ್ಟ್ರು ಎರಡು ಸಲ ತೂಗಿ, ಮೂರನೆಯ ಸಲಕ್ಕೆ
ತಕ್ಕಡಿಯನ್ನೇ ಬದಲಾಯಿಸಿದರು.

ಎಲ್ಲರೂ ಕೇಕು ಕತ್ತರಿಸುವಾಗ ನಾನು ಕೇಳಿದೆ:
ಸೋಸಿದ ಈ ಹಳದಿ ನೀರು ಎಲ್ಲಿಗೆ?
ಪುಡಿ ತೊಳೆದ ಈ ಮದ್ಯಸಾರ ಕಬ್ಬಿನದಲ್ಲವೆ,
ಆಗಸ್ಟಿನಲ್ಲಿ ಆ ಕಬ್ಬಿಗೆ ಬೆಂಕಿ ಬಿದ್ದಾಗ
ನಾನು ಒಣಹಾಕಿದ ದುಪ್ಪಟಿಯ ಮೇಲೆ ಕರಿ ಎಳೆ ಉದುರುತ್ತದಲ್ಲ,
ಅದನ್ನು ಯಾವ ಕಾಲಮಿನಲ್ಲಿ ಬರೆಯಲಿ?
ನಗು ನಿಂತಿತು. ಕೇಕು ಬಾಯಲ್ಲೇ ಇತ್ತು.
ಜಾಸಿಯಾರಾ ಅಳತೆಪಟ್ಟಿ ತಂದು ನನ್ನ ಪುಸ್ತಕದಲ್ಲಿ
ಹೊಸದೊಂದು ಗೆರೆ ಎಳೆದಳು. ಮೇಲೆ ಬರೆದಳು: ಎಲ್ಲಿಗೆ.
ಅರ್ಧ ಮನೆಗಳು ಇನ್ನೂ ಖಾಲಿ ಇವೆ.

ಆ ಕ್ಯಾನಿನ ಎಣ್ಣೆ ದಂಡವಾಗಲಿಲ್ಲ.
ಹಳೆಯ ಸೀಸೆಗಳ ಚೀಟಿಗೆ ಹಚ್ಚುತ್ತೇನೆ;
ಅಂಟು ಬಿಟ್ಟು, ತಲೆಬುರುಡೆಯ ಚಿತ್ರ
ಮೆಲ್ಲಗೆ ಜಾರಿ ಬೆರಳಿಗೆ ಬರುತ್ತದೆ.
ಸಂಜೆ ಬಸ್ಸಿನಲ್ಲಿ ಪಕ್ಕದ ಮಗು ನನ್ನ ಕೈ ಮೂಸಿ
"ಅಜ್ಜಿ, ಹಣ್ಣು ಎಲ್ಲಿಟ್ಟಿದ್ದೀ?" ಅಂದಿತು.
ಚೀಲ ಬಿಚ್ಚಿ ತೋರಿಸಿದೆ: ಇಲ್ಲ.
ಮತ್ತೆ ಮೂಸಿತು.