ಎಣ್ಣೆನೀರು

ಫ್ಲಾರಿಡಾದ ನೆರೆಯಲ್ಲಿ ಮುಳುಗಿ ಎದ್ದದ್ದು,
ಹರಾಜಿಗೆ ಬಿದ್ದು, ಹಡಗು ಹತ್ತಿ, ಕಪ್ಪು ಸಮುದ್ರ ದಾಟಿ
ರುಸ್ತಾವಿಯ ಗಾಡಿಸಂತೆಯ ಕೊನೇ ಸಾಲಿನಲ್ಲಿ
ಬಂಪರಿಲ್ಲದೆ ನಿಂತಿತ್ತು,
ಹಲ್ಲು ಕಟ್ಟಿಸಿಕೊಳ್ಳದವರು ನಕ್ಕ ಹಾಗೆ.

ಜಾಗ್ವಾರ್. ಇಪ್ಪತ್ತೆರಡು ವರ್ಷ ಹಳತು. ಮಡಚುವ ಮಾಡು.
ಮಾರುವ ಹುಡುಗ ನನ್ನ ಬೆನ್ನ ಹಿಂದೆ ಇಣುಕಿದ:
ಮಗನೋ, ಅಳಿಯನೋ, ದುಡ್ಡು ಹಿಡಿದ ಗಂಡಸೋ
ಬರುತ್ತಿರಬೇಕೆಂದು.
ಯಾರೂ ಇರಲಿಲ್ಲ.
ಹನ್ನೊಂದು ಸಾವಿರ ಲಾರಿ ಎಣಿಸಿಕೊಟ್ಟೆ.
ಲಾರಿಯೆಂದರೆ ನಮ್ಮ ಜಾರ್ಜಿಯಾದ ನೋಟು,
ಚಕ್ರವಿಲ್ಲದಿದ್ದರೂ ಬಲು ಬೇಗ ಓಡುತ್ತದೆ.

ಯಾಕೆ ತ್ಸಿಸಾನಾ, ಈ ವಯಸ್ಸಿಗೆ, ಎಂದರು.
ಇಪ್ಪತ್ತೊಂಬತ್ತು ವರ್ಷ ಉಕ್ಕಿನ ಕಾರ್ಖಾನೆಯ ಸೂರಿಗಂಟಿ
ಕ್ರೇನಿನ ಗಾಜಿನ ಡಬ್ಬಿಯಲ್ಲಿ ಕೂತವಳು ನಾನು.
ಕೆಳಗೆ ಕುದಿಯುವ ಕೊಪ್ಪರಿಗೆ,
ಮೇಲೆ, ಕೈ ಎತ್ತಿದರೆ ಸಿಗುವಷ್ಟು ಹತ್ತಿರ, ಮಸಿ ಹಿಡಿದ ತಗಡು.
ಸೀನು ಬಂದರೂ ತಡೆದುಕೊಳ್ಳುತ್ತಿದ್ದೆ,
ಕೊಕ್ಕೆ ಅಲುಗೀತೆಂದು.
ನೆತ್ತಿಯ ಮೇಲೆ ಏನೂ ಇಲ್ಲದ ಒಂದು ಕುರ್ಚಿ ಬೇಕಿತ್ತು,
ಅಷ್ಟೇ.

ಮೆಕ್ಯಾನಿಕ್ ಗೋಚಾ ಬಾನೆಟ್ಟಿನೊಳಗೆ ಸೊಂಟದವರೆಗೂ ಇಳಿದು
ಅಲ್ಲಿಂದಲೇ ಹೇಳಿದ: ಅಕ್ಕಾ, ಆನೆ ಅಗ್ಗ, ಅಂಕುಶ ತುಟ್ಟಿ.
ಒಂದು ಪಂಪಿಗೆ ಎರಡು ತಿಂಗಳ ಪಿಂಚಣಿ.
ಬಾಗಿಲಿನ ರಬ್ಬರು ಜರ್ಮನಿಯಿಂದ ಬರಬೇಕು,
ಬರುತ್ತಲೇ ಇದೆ.
ಸೀಟಿನ ಹಳಿಯಲ್ಲಿ ಇನ್ನೂ ಮರಳು,
ಡಿಕ್ಕಿಯ ಮೂಲೆಯಲ್ಲಿ ಒಂದು ಚಿಪ್ಪು,
ಕಿವಿಗಿಟ್ಟರೆ ಪೆಟ್ರೋಲಿನ ವಾಸನೆ ಮಾತ್ರ.
ಬಿಸಿಲುತಡೆಗೆ ಸಿಕ್ಕಿಸಿದ ಬೂದು ಗುಂಡಿಯೊಂದಿದೆ,
ಯಾರದೋ ಗ್ಯಾರೇಜಿನ ಬಾಗಿಲು ತೆರೆಯುವುದು.
ಕೆಂಪು ದೀಪಕ್ಕೆ ನಿಂತಾಗ ಒತ್ತುತ್ತೇನೆ.
ಇಲ್ಲೇನೂ ಅಲುಗುವುದಿಲ್ಲ.
ಅಲ್ಲಿ ಇನ್ನೂ ಬೆಳಗಾಗುತ್ತಿರಬೇಕು,
ಒಂದು ನಾಯಿಯಾದರೂ ಕಿವಿ ನಿಮಿರಿಸಿತೇನೋ.

ಮಾಡು ತೆರೆದ ಮೊದಲ ಸಂಜೆ
ಐದು ಅಂತಸ್ತಿನ ಬಾಲ್ಕನಿಗಳೆಲ್ಲ ಬಗ್ಗಿ ನಿಂತಿದ್ದವು.
ಗುಂಡಿ ಒತ್ತಿದೆ. ಅದು ಎದ್ದಿತು, ಅರ್ಧಕ್ಕೆ ನರಳಿತು,
ಕನ್ನಡಿಯ ಮೇಲಿನ ಕೊಳವೆ ಒಡೆದು
ಹಸಿರು ಎಣ್ಣೆ ಸುರಿಯಿತು ನನ್ನ ನೆತ್ತಿಗೆ,
ಬೆಚ್ಚಗೆ, ಅವಸರವಿಲ್ಲದೆ.
ಅಮ್ಮ ಆಕ್ರೋಟಿನ ಎಣ್ಣೆ ಹಚ್ಚುತ್ತಿದ್ದದ್ದು ಬಿಟ್ಟರೆ
ಈ ತಲೆಯನ್ನು ಯಾರೂ ಮುಟ್ಟಿರಲಿಲ್ಲ.
ಬಾಲ್ಕನಿಗಳು ನಕ್ಕವು. ನಾನೂ ನಕ್ಕೆ,
ಕಣ್ಣು ಮುಚ್ಚಿಕೊಂಡು, ಎಣ್ಣೆ ಇಳಿಯುತ್ತಿತ್ತಲ್ಲ.

ಕೊಳವೆಗೆ ಪಟ್ಟಿ ಸುತ್ತಿದ ಮೇಲೆ ನೂನು ಅಜ್ಜಿಯ ಸರದಿ.
ನಮ್ಮ ಲಿಫ್ಟಿಗೆ ನಾಣ್ಯ ಹಾಕಬೇಕು,
ಶರತ್ಕಾಲದಿಂದ ನಾಣ್ಯ ತಿನ್ನುತ್ತದೆ, ಏಳುವುದಿಲ್ಲ.
ಅಡುಗೆಮನೆಯ ಕುರ್ಚಿಯಲ್ಲೇ ಅವಳನ್ನು ಇಳಿಸಿದರು
ಗೋಚಾ ಮತ್ತು ಇಬ್ಬರು ಹುಡುಗರು,
ಪ್ರತಿ ಮೆಟ್ಟಿಲಿಗೂ ಒಂದು ಬೈಗುಳ ತಿಂದು.
ನದಿ ದಾಟಿದೆವು. ಕಾರ್ಖಾನೆ ದಾಟಿದೆವು,
ಹೊಗೆ ಬರುವ ಕೊಳವೆ ಈಗ ಒಂದೇ.
ಅಜ್ಜಿ ಎಣಿಸಿದಳು, ಮತ್ತೆ ಎಣಿಸಿದಳು.
ಅಲ್ಲಿಗೇ ಸರಿಯಾಗಿ ಮಳೆ.

ಮಾಡು ಮುಚ್ಚಲಿಲ್ಲ.
ಗುಂಡಿ ಒತ್ತಿದೆ, ಒದ್ದೆ, ಗೋಚಾನ ವಂಶವನ್ನೆಲ್ಲ ನೆನೆದೆ.
ಬೂದು ಗುಂಡಿಯನ್ನೂ ಒತ್ತಿ ನೋಡಿದೆ.
ಅಜ್ಜಿ ತನ್ನ ಚೀಲದಿಂದ ಹೂವಿನ ಪ್ಲಾಸ್ಟಿಕ್ ಮೇಜುಹಾಸು ತೆಗೆದು
ತನ್ನ ತಲೆಗೆ ಮಾತ್ರ ಹೊದ್ದು ಹೇಳಿದಳು:
ಹನ್ನೊಂದು ಸಾವಿರ ಕೊಟ್ಟು ನೆನೆಯೋದಾ?
ಬಾಲ್ಕನಿಯಲ್ಲಿ ಬಿಟ್ಟಿ ನೆನೀಬಹುದಿತ್ತು.
ಆಮೇಲೆ, ಒರಸುವ ಕಡ್ಡಿ ಎರಡು ಸಲ ಆಡಿದ ಮೇಲೆ:
ಈಗ ತಿರುಗಿಸಬೇಡ.
ಆ ಕಡೆಯಿಂದ ಸುತ್ತಿ ಹೋಗು.

ಇವತ್ತು ಎರಡನೇ ಮಹಡಿಯ ಕಿಟಕಿಯಿಂದ ತಂತಿ ಇಳಿದಿದೆ.
ಕೂದಲು ಒಣಗಿಸುವ ಯಂತ್ರ ಹಿಡಿದು
ತೊಗಲಿನ ಸೀಟು ಒಣಗಿಸುತ್ತಿದ್ದೇನೆ.
ಅಣಬೆಯ ವಾಸನೆ.
ಮೂರು ಸೋಪು ತಿಕ್ಕಿದರೂ
ದಿಂಬಿನ ಮೇಲೆ ಬೆಳಗಿಗೊಂದು ಹಸಿರು ಗುರುತು.